ಅವಕಾಶವಿಲ್ಲದ ಪ್ರಶ್ನೆ

ಸವಾಲಕ್ಕನ ಮನೆಯ ಕರೆಗಂಟೆ ಒತ್ತುವವರಲ್ಲಿ ಎರಡು ಬಗೆ. ಒತ್ತಿ ಬೆರಳು ತೆಗೆಯುವವರು ಒಂದು ಬಗೆಯಾದರೆ, ಬೆರಳು ತೆಗೆಯುವುದನ್ನೇ ಮರೆತು ನಿಂತುಬಿಡುವವರು ಇನ್ನೊಂದು ಬಗೆ. ಆ ಶನಿವಾರ ಸಂಜೆ ಬಂದವನು ಎರಡನೆಯ ಬಗೆಯವನು. ಮೇಷ್ಟ್ರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವರು ಹಾಗೆಯೇ ಎದ್ದು, ಎಣ್ಣೆಗೈಯಲ್ಲೇ ಬಾಗಿಲು ತೆಗೆದರು.

ಮೇಷ್ಟ್ರು ಸವಾಲಕ್ಕನ ಒಡಹುಟ್ಟಿದ ತಮ್ಮ. ಜೀವಮಾನವೆಲ್ಲ ಶಾಲೆಯ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟು, ಸೀಟಿ ಊದಿ ಊದಿ ಕೆನ್ನೆ ಉಬ್ಬಿಸಿಕೊಂಡು ನಿವೃತ್ತರಾದವರು. ಅಕ್ಕ ಸಿವಿಲ್ ಕೋರ್ಟಿನಲ್ಲಿ ಹೆಸರು ಮಾಡಿದ ವಕೀಲೆ. ಆಕೆ ಪಾಟೀಸವಾಲಿಗೆ ಎದ್ದು ನಿಂತರೆ ಸುಳ್ಳು ಸಾಕ್ಷಿಯ ನಾಲಿಗೆ ಒಣಗುತ್ತಿತ್ತು ಎಂದು ಈಗಲೂ ಕೋರ್ಟಿನ ಕಾರಿಡಾರಿನಲ್ಲಿ ಹೇಳುತ್ತಾರೆ. ಸವಾಲಕ್ಕ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಬಲಗಿವಿ ಕೈಕೊಟ್ಟ ಮೇಲೆ ಕರಿಕೋಟು ಬಿಚ್ಚಿಟ್ಟರು. ಬೇರೆಯವರ ಕೈಯಲ್ಲಿ ಬಿಡಿಸಲಾಗದ ಗಂಟುಗಳು ಮಾತ್ರ ಈಗಲೂ ಮನೆಬಾಗಿಲಿಗೆ ಬರುತ್ತಿದ್ದವು, ಮೇಷ್ಟ್ರು ಜತೆಗೆ ಓಡಾಡುತ್ತಿದ್ದರು.

ಬಂದವನು ಹಿಂದೊಮ್ಮೆ ಆಕೆಯ ಕೈಕೆಳಗೆ ಕೆಲಸ ಕಲಿತ ವಕೀಲ. ಎಂದೂ ಮಡಿಕೆ ಮುರಿಯದ ಅಂಗಿ ತೊಡುವ ಮನುಷ್ಯ ಅಂದು ತಲೆ ಬಾಚಿಕೊಂಡಿರಲಿಲ್ಲ.

"ಮೇಡಂ, ಸೋಮವಾರ ನನ್ನ ವಕೀಲಿ ಸನ್ನದು ಹೋಗತ್ತೆ. ಹೋಗ್ಲಿ. ಆ ಹುಡುಗಿ ಕೇಸೂ ಹೋಗತ್ತೆ. ಅದನ್ನ ಹೇಗೆ ಹೋಗ್ಲಿ ಅಂತ ಬಿಡ್ಲಿ?"

"ಮೊದಲು ನೀರು ಕುಡಿ. ಆಮೇಲೆ ಅಳೋದಾದ್ರೆ ಎಡಗಡೆ ಬಂದು ಕೂತ್ಕೊಂಡು ಅಳು. ಬಲಗಿವಿಗೆ ಅತ್ರೆ ದಂಡ," ಎಂದರು ಸವಾಲಕ್ಕ.

ಅವನು ಎಡಗಡೆ ಬಂದು ಕುಳಿತ. ನೀರಿನ ಲೋಟವನ್ನು ಮಂಡಿಯ ಮೇಲೆ ಹಿಡಿದು ಕೂತ ಅವನನ್ನು ಕಂಡು ಮೇಷ್ಟ್ರಿಗೆ ಶಾಲೆಯ ದಿನಗಳು ನೆನಪಾದವು. ಪರೀಕ್ಷೆಯಲ್ಲಿ ಫೇಲಾದ ಹುಡುಗರು ಮನೆಗೆ ಹೋಗಲು ಹೆದರಿ ಮೈದಾನದ ಮೂಲೆಯಲ್ಲಿ ಹೀಗೇ ಕೂರುತ್ತಿದ್ದರು.

ಅವನು ಹೇಳಿದ ಕತೆ ಇಷ್ಟು. ಇಪ್ಪತ್ತು ತುಂಬದ ಹುಡುಗಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮುಂದೆ ಕೆಲಸಕ್ಕಿದ್ದಳು. ಕೈ ಒಳಗೆ ಹೋಗದಂತೆ ಮಷೀನಿಗೆ ಕಬ್ಬಿಣದ ಗಾರ್ಡ್ ಇತ್ತು. ಗೇಣುದ್ದದ, ಹೆಬ್ಬೆರಳು ದಪ್ಪದ ಒಂದು ಲಾಕ್ ಪಿನ್ ಆ ಗಾರ್ಡನ್ನು ಹಿಡಿದಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಪಿನ್ನು ಮುರಿಯಿತು, ಗಾರ್ಡು ಹಾರಿತು, ಹುಡುಗಿಯ ಬಲಗೈ ಮಣಿಕಟ್ಟಿನಿಂದ ಹೋಯಿತು. ಬೇಗ ಕೆಲಸ ಮುಗಿಸುವ ಆಸೆಗೆ ಅವಳೇ ಪಿನ್ನಿಗೆ ಸುತ್ತಿಗೆ ಏಟು ಕೊಟ್ಟು ಮುರಿದಳು ಎಂದು ಕಾರ್ಖಾನೆಯವರ ವಾದ. ಜತೆಯ ಕೆಲಸದವಳೊಬ್ಬಳು ಮುರಿದ ತುಂಡುಗಳನ್ನು ನೆಲದಿಂದ ಆರಿಸಿ ನೇರವಾಗಿ ವಕೀಲನ ಕೈಗೆ ತಂದುಕೊಟ್ಟಿದ್ದಳು.

"ನಮ್ಮ ಪರ ಎಂಜಿನಿಯರ್ ನೋಡಿ ವರದಿ ಕೊಟ್ರು. ಮುರಿದ ಜಾಗದಲ್ಲಿ ಅರ್ಧಕ್ಕೆ ಹಳೇ ತುಕ್ಕು. ಅಂದ್ರೆ ಪಿನ್ನು ಮೊದಲೇ ಬಿರುಕು ಬಿಟ್ಟಿತ್ತು, ಯಾರೂ ಬದಲಾಯಿಸಿಲ್ಲ. ಆ ತುಕ್ಕೇ ಮೇಡಂ ನಮ್ಮ ಕೇಸು. ತಗಡಿನ ಪೆಟ್ಟಿಗೇಲಿ ಇಟ್ಟು, ಅರಗು ಹಾಕಿ, ಆಫೀಸಿನ ಮೊಹರು ಒತ್ತಿ, ಬೀರುವಿನಲ್ಲಿ ಬೀಗ ಹಾಕಿದ್ವಿ. ನಿನ್ನೆ ಎಂಜಿನಿಯರ್ ಸಾಕ್ಷಿಕಟ್ಟೆ ಹತ್ತಿದ್ರು. ಆ ಕಡೆಯಿಂದ ದೊರೆ ಎದ್ರು."

ದೊರೆ ಎಂದರೆ ಕಾರ್ಖಾನೆಯ ಪರ ಹಿರಿಯ ವಕೀಲರು. ನಡಿಗೆಯ ಗತ್ತಿಗೆ ಬಿದ್ದ ಅಡ್ಡಹೆಸರು ಅದು.

"ಏನು ಕೇಳಿದ್ರು?"

"ಒಂದೇ ಪ್ರಶ್ನೆ. 'ಪೆಟ್ಟಿಗೆ ತೆಗೀರಿ. ಎರಡು ತುಂಡು ಜೋಡಿಸಿ ತೋರಿಸಿ.' ತೆಗೆದ್ರೆ, ಮೇಡಂ, ಮುರಿದ ಜಾಗ ಫಳಫಳ ಹೊಳೀತಿದೆ! ತುಕ್ಕು ಅನ್ನೋದು ಒಂದು ಚೂರಿಲ್ಲ. ಉದ್ದ ಅದೇ, ದಪ್ಪ ಅದೇ, ಕಂಪನಿ ಅಚ್ಚೂ ಅದೇ. ಪಿನ್ನು ಮಾತ್ರ ಅದಲ್ಲ. ಎಂಜಿನಿಯರ್ ಬಾಯಿ ಬಿಟ್ಕೊಂಡು ನಿಂತುಬಿಟ್ರು. ದೊರೆ ಇನ್ನೊಂದು ಮಾತಾಡದೆ ಕೂತ್ರು."

"ವರದಿ ಜತೆ ಫೋಟೋ ಇರ್ಬೇಕಲ್ಲ?"

"ಇದೆ. ಫೋಟೋದಲ್ಲಿರೋದು ಬೇರೆ ಯಾವುದೋ ಪಿನ್ನು, ಕೇಸಿಗೆ ಬೇಕಾದ ಹಾಗೆ ತಯಾರು ಮಾಡಿದ್ದು ಅಂತಾರೆ. ಅಲ್ಲ ಅನ್ನೋಕೆ ನನ್ನ ಹತ್ರ ಏನಿದೆ? ಪೆಟ್ಟಿಗೆ ನನ್ನ ಸುಪರ್ದಿನಲ್ಲಿತ್ತು. ಸೋಮವಾರ ನಾನು ಸಮಜಾಯಿಷಿ ಕೊಡಬೇಕು. ಇಲ್ಲದಿದ್ರೆ ಸಾಕ್ಷ್ಯ ತಿದ್ದಿದವನು ಅಂತ ವಕೀಲರ ಪರಿಷತ್ತಿಗೆ ಹೋಗತ್ತೆ."

ಸವಾಲಕ್ಕ ಕಣ್ಣು ಮುಚ್ಚಿಕೊಂಡರು. "ದೊರೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನ ಜನ್ಮದಲ್ಲಿ ಕೇಳಿದವರಲ್ಲ. ಪೆಟ್ಟಿಗೇಲಿ ಏನಿದೆ ಅಂತ ಅವರ ಕಕ್ಷಿದಾರರು ಅವರ ಕಿವಿಗೆ ಹಾಕಿದ್ದಾರೆ. ಕಕ್ಷಿದಾರರಿಗೆ ಹೇಳಿದ್ದು ನಿನ್ನ ಆಫೀಸಿನ ಒಳಗಿನವರು."

"ಯಾರು ಅಂತಾನೂ ನಂಗೊತ್ತು!" ವಕೀಲನ ಮುಖ ಕೆಂಪೇರಿತು. "ನನ್ನ ಜೂನಿಯರ್. ಗುರುವಾರ ಸಂಜೆ ನೀವು ಕಲಿಸಿದ ಹಾಗೆ ರಿಹರ್ಸಲ್ ಮಾಡಿದ್ವಿ. ಎಂಜಿನಿಯರ್ ಕಟ್ಟೇಲಿ. ಜೂನಿಯರ್‌ದು ದೊರೆ ಪಾತ್ರ. ನಾವೆಲ್ಲ ಅಣ್ಣ ಅನ್ನೋ ನಮ್ಮ ಪಾಲುದಾರರು ಜಡ್ಜು. ಬಾಗಿಲಲ್ಲಿ ನಿಂತು ಕೂಗೋಕೆ ಗುಮಾಸ್ತ. ಜೂನಿಯರ್ ಹುಡುಗಿ ಎಂಜಿನಿಯರ್‌ನ ಚೆನ್ನಾಗಿ ರುಬ್ಬಿ, ಕೊನೇಲಿ ಏನು ಕೇಳಿದ್ಲು ಗೊತ್ತಾ? 'ಪೆಟ್ಟಿಗೆ ತೆಗೀರಿ, ಎರಡು ತುಂಡು ಜೋಡಿಸಿ ತೋರಿಸಿ.' ಅದೇ ಮಾತು! ನಮ್ಮ ಅಣ್ಣ ಥೇಟ್ ಜಡ್ಜ್ ಥರ ಕತ್ತು ಅಲ್ಲಾಡಿಸಿ, ಮೇಜು ಕುಟ್ಟಿ, 'ಈ ಪ್ರಶ್ನೆಗೆ ಅವಕಾಶವಿಲ್ಲ, ಮುಂದಿನ ಪ್ರಶ್ನೆ' ಅಂದ್ರು. ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನ ಅದೇ ಪ್ರಶ್ನೆ ದೊರೆ ಬಾಯಲ್ಲಿ. ಇವಳು ಹೇಳದೆ ಇನ್ಯಾರು ಹೇಳಿದ್ರು? ನಾಳೇನೇ ಅವಳನ್ನ ಮನೆಗೆ ಕಳಿಸ್ತೀನಿ."

"ನಾಳೆ ಸಂಜೆ ತನಕ ತಡಿ. ಈಗ ಆಫೀಸಲ್ಲಿ ಯಾರಿದ್ದಾರೆ?"

"ಎಲ್ಲರೂ. ಅಸಲಿ ಪಿನ್ನು ಎಲ್ಲಾದ್ರೂ ಬಿದ್ದಿದೆಯಾ ಅಂತ ಹುಡುಕ್ತಿದ್ದಾರೆ."

"ಮೇಷ್ಟ್ರೇ, ಕೈ ತೊಳ್ಕೊ. ಹೊರಡೋಣ."

ವಕೀಲನ ಆಫೀಸು ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಗೋಡೆ ಕಾಣದಷ್ಟು ಕಡತಗಳು, ಕೆಟ್ಟು ನಿಂತ ಫ್ಯಾನು, ತೆರೆದರೆ ಎದುರಿನ ಗೋಡೆ ಮಾತ್ರ ಕಾಣುವ ಕಿಟಕಿ. ಒಳಗೆ ಕಾಲಿಟ್ಟೊಡನೆ ಮೇಷ್ಟ್ರ ಬೆನ್ನಿನಲ್ಲಿ ಬೆವರಿಳಿಯಿತು. ಜೂನಿಯರ್ ಹುಡುಗಿ ನೆಲದ ಮೇಲೆ ಮಂಡಿಯೂರಿ ಬೀರುವಿನ ಕೆಳಗೆ ಕೈ ಹಾಕಿ ತಡಕುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಯಾರೂ ಇನ್ನೂ ಏನೂ ಹೇಳಿರಲಿಲ್ಲ, ಆದರೂ ತನ್ನ ಮೇಲೇ ಬರುತ್ತದೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಗುಮಾಸ್ತನ ಕೊರಳ ದಾರದಲ್ಲಿ ಬೀರುವಿನ ಬೀಗದ ಕೈ ತೂಗುತ್ತಿತ್ತು. ಕೇಳುವ ಮೊದಲೇ ಅವನು ಮಕ್ಕಳ ಮೇಲೆ ಆಣೆ ಇಟ್ಟ. "ಈಗ ಕೊರಳಿಗೆ ಹಾಕ್ಕೊಂಡಿದೀನಿ ಅಮ್ಮಾ, ನಿನ್ನೆ ತನಕ ಅದು ಗೋಡೆ ಮೊಳೇಲೇ ನೇತಾಡ್ತಿತ್ತು. ಬುಧವಾರ ನಾನು ದೊರೆ ಆಫೀಸಿಗೆ ಹೋಗಿದ್ದು ನಿಜ. ನಕಲು ಪ್ರತಿ ಕೊಡೋಕೆ. ಸೈನ್ ಹಾಕಿಸ್ಕೊಂಡು ಬಂದಿದೀನಿ."

"ಮೊಹರು?"

"ಅದೂ ಮೇಜಿನ ಮೇಲೇ. ಯಾರು ಬೇಕಾದ್ರೂ ತಗೋಬಹುದು."

ಪಾಲುದಾರ ಸವಾಲಕ್ಕನಿಗೆ ಕುರ್ಚಿ ಒರೆಸಿ ಕೊಟ್ಟ, ತಾನೇ ನೀರು ತಂದ. ದುಂಡನೆಯ, ಮೆಲುದನಿಯ ಮನುಷ್ಯ. ಅವನೂ ಮೇಷ್ಟ್ರಂತೆ ಬೆವರುತ್ತಿದ್ದ, ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಲೇ ಇದ್ದ, ಆದರೂ ಕರಿಕೋಟು ತೊಟ್ಟಿದ್ದ. ಅವನ ಬಲಭುಜ ಎಡಭುಜಕ್ಕಿಂತ ಇಳಿದಿತ್ತು. "ಭುಜ ನೇರ!" ಎಂದು ಕೂಗಲು ಮೇಷ್ಟ್ರ ಬಾಯಿ ತುರಿಸಿತು. ಎಷ್ಟೋ ವರ್ಷಗಳ ಅಭ್ಯಾಸ, ಸುಲಭವಾಗಿ ಬಿಡುವುದಲ್ಲ.

ಮೆಟ್ಟಿಲಿಳಿಯುವಾಗ ವಕೀಲ ಸವಾಲಕ್ಕನ ಎಡಗಡೆ ಬಂದು ಹೇಳಿದ. "ಅಣ್ಣ ಇಲ್ಲದಿದ್ರೆ ನಾನಿಲ್ಲ ಮೇಡಂ. ಅವರು ಕೋರ್ಟಿನ ಮೆಟ್ಟಿಲು ಹತ್ತಲ್ಲ. ಒಳಗೆ ಕೂತು ಬರೆಯೋದೆಲ್ಲ ಅವರು, ಹೊರಗೆ ಹೆಸರು ನಂದು. ಮಗಳು ಬಸುರಿ, ಮನೇಲೇ ಇದ್ದಾಳೆ. ಅಳಿಯನಿಗೆ ಅದೇನೋ ಸರ್ವಿಸ್ ಕಂಪನೀಲಿ ಊರೂರು ತಿರುಗೋ ಕೆಲಸ. ಮನೇಲಿ ಅಷ್ಟಿದ್ರೂ ನಿನ್ನೆಯಿಂದ ಇಲ್ಲಿಂದ ಅಲ್ಲಾಡಿಲ್ಲ."

ಮನೆಗೆ ಬಂದ ಮೇಲೆ ಸವಾಲಕ್ಕ ತಮ್ಮನಿಗೆ ಒಂದು ಕೆಲಸ ಹಚ್ಚಿದರು. "ಬೆಳಗ್ಗೆ ಆ ಕೈ ಕಳ್ಕೊಂಡ ಹುಡುಗಿ ಮನೆಗೆ ಹೋಗು. ಅಂಥ ಹೊಸ ಪಿನ್ನು ಯಾರ ಹತ್ರ ಇರತ್ತೆ ಅಂತ ಕೇಳ್ಕೊಂಡು ಬಾ. ಕಸರತ್ತು ಹೇಳಿಕೊಡ್ತಾ ಕೂರಬೇಡ."

ಹುಡುಗಿಯ ಮನೆಯಲ್ಲಿ ಎರಡೇ ಕೋಣೆ. ಅವಳು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಳು. ಮೇಷ್ಟ್ರನ್ನು ಕಂಡು ಪುಸ್ತಕ ಮುಚ್ಚಿದಳು. ತಾಯಿ ಹೊಲಿಗೆ ಮಷೀನಿನಿಂದ ಎದ್ದು ಬಂದು, "ಕೇಸು ಬಿದ್ದೋಯ್ತಂತೆ ಹೌದಾ ಸಾರ್?" ಎಂದು ಕೇಳಿದಳು. ಮೇಷ್ಟ್ರು ಕೆಮ್ಮಿ, ಅಂಥ ಹೊಸ ಪಿನ್ನು ಯಾರ ಹತ್ತಿರ ಇರುತ್ತದೆಂದು ಕೇಳಿದರು.

"ಆ ಪಿನ್ನು ಫ್ಯಾಕ್ಟ್ರೀಲಿ ಯಾರ ಹತ್ರನೂ ಇರಲ್ಲ ಸರ್," ಎಂದಳು ಹುಡುಗಿ. "ಮಷೀನ್ ಸರ್ವಿಸ್ ಮಾಡೋ ಅಣ್ಣ ಅವರ ಪೆಟ್ಟಿಗೇಲಿ ತರ್ತಿದ್ರು. ಪಿನ್ನು ಲಟಲಟ ಅಂತಿದೆ ನೋಡಿ ಅಂತ ನಾನೇ ಹೇಳಿದ್ದೆ. 'ಮುಂದಿನ ಸಲ ಹಾಕ್ತೀನಮ್ಮ, ಈಗ ಮದುವೆ ಗಡಿಬಿಡಿ' ಅಂದ್ರು. ನಮಗೆಲ್ಲ ಸಿಹಿ ಹಂಚಿದ್ರು. ಒಳ್ಳೆಯವರೇ."

"ಇದನ್ನ ವಕೀಲರಿಗೆ ಹೇಳಿದ್ಯಾ?"

"ಆಫೀಸಲ್ಲಿ ಹೇಳಿದ್ದೆ. ಅದೆಲ್ಲ ಬೇಕಾಗಲ್ಲ ಅಂದ್ರು."

ಮೇಷ್ಟ್ರು ಹಿಗ್ಗಿನಿಂದ ಸೈಕಲ್ ತುಳಿದುಕೊಂಡು ಮನೆಗೆ ಬಂದು, ಎಲ್ಲವನ್ನೂ ಒಪ್ಪಿಸಿದರು. ಸವಾಲಕ್ಕ ಕೊನೆಯವರೆಗೂ ಕೇಳಿ, "ಬೇಕಾಗಲ್ಲ ಅಂದಿದ್ದು ಯಾರು?" ಎಂದರು.

ಮೇಷ್ಟ್ರು ಹಣೆ ಚಚ್ಚಿಕೊಂಡರು. ಅದೊಂದನ್ನು ಕೇಳುವುದನ್ನೇ ಮರೆತಿದ್ದರು.

"ಇರ್ಲಿ ಬಿಡು. ಎಲ್ಲರೆದುರಿಗೇ ಕೇಳೋಣ. ಇನ್ನೇನಾದ್ರೂ ಕಂಡ್ತಾ ನಿಂಗೆ, ನಿನ್ನೆ ಆಫೀಸಲ್ಲಿ?"

"ಏನಿಲ್ಲಕ್ಕ. ಆ ಪಾಲುದಾರ ಒಂದು ಕಡೆ ವಾಲಿ ನಿಲ್ತಾನೆ. ನನ್ನ ಕ್ಲಾಸಲ್ಲಿದ್ದಿದ್ರೆ ಎರಡು ದಿನದಲ್ಲಿ ಸರಿ ಮಾಡ್ತಿದ್ದೆ."

ಸವಾಲಕ್ಕ ತಮ್ಮನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಂದೂ ಇಲ್ಲದ್ದು, ತಾವೇ ಎದ್ದು ಹೋಗಿ ಮೇಷ್ಟ್ರಿಗೆ ಕಾಫಿ ಮಾಡಿ ತಂದುಕೊಟ್ಟರು.

ಭಾನುವಾರ ಮಧ್ಯಾಹ್ನ ಎಲ್ಲರೂ ಆಫೀಸಿನಲ್ಲಿ ಸೇರಿದರು. ಹುಡುಗಿ ಮತ್ತು ತಾಯಿ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತರು. ವಕೀಲ ಗೋಡೆಗೊರಗಿ ನಿಂತ. ಅವನು ರಾತ್ರಿ ಕಣ್ಣು ಮುಚ್ಚಿದಂತಿರಲಿಲ್ಲ. ಜೂನಿಯರ್ ತನ್ನ ಪುಸ್ತಕಗಳನ್ನೆಲ್ಲ ಆಗಲೇ ಚೀಲಕ್ಕೆ ತುಂಬಿಕೊಂಡಿದ್ದಳು.

"ಗುರುವಾರದ ನಾಟಕ ಇನ್ನೊಂದು ಸಲ ಆಡಿ," ಎಂದರು ಸವಾಲಕ್ಕ. "ಎಂಜಿನಿಯರ್ ಜಾಗದಲ್ಲಿ ನಾನು ಕೂರ್ತೀನಿ. ಜಡ್ಜ್ ಸಾಹೇಬ್ರು ನಿಮ್ಮ ಕುರ್ಚಿಗೆ ಬನ್ನಿ. ಕೊನೇ ಪ್ರಶ್ನೆ ಕೇಳಮ್ಮ."

ಜೂನಿಯರ್ ಎದ್ದು ನಿಂತಳು. "ಪೆಟ್ಟಿಗೆ... ಪೆಟ್ಟಿಗೆ ತೆಗೀರಿ. ಎರಡು ತುಂಡು ಜೋಡಿಸಿ ತೋರಿಸಿ."

ಎಲ್ಲರೂ ಪಾಲುದಾರನ ಕಡೆ ತಿರುಗಿದರು. ಅವನು ಹೇಳಬೇಕಾದ ಮಾತು ಹೊರಡಲಿಲ್ಲ. ಮೇಜಿನ ಮೇಲಿದ್ದ ಕೈ ಮೇಲೇಳಲಿಲ್ಲ.

"ಯಾಕಪ್ಪ, ಮಾತು ಮರೆತುಹೋಯ್ತಾ? 'ಈ ಪ್ರಶ್ನೆಗೆ ಅವಕಾಶವಿಲ್ಲ.'" ಸವಾಲಕ್ಕ ವಕೀಲನತ್ತ ನೋಡಿದರು. "ನೀನು ಈ ಜೂನಿಯರ್ ಮೇಲೆ ಹೊರಿಸಿದ್ಯಲ್ಲ, ಒಂದು ಕ್ಷಣ ಯೋಚನೆ ಮಾಡು. ಅವಳು ಪಿನ್ನು ಬದಲಾಯಿಸಿದ್ರೆ, ಇಲಿಬೋನಿಟ್ಟು ಹಿಂದಿನ ದಿನ ತಾನೇ ಅದಕ್ಕೆ ಬೆರಳು ಹಾಕ್ತಾಳಾ? ಗುರುವಾರ ಪೆಟ್ಟಿಗೆ ತೆಗೆದಿದ್ರೆ ಮೋಸ ಇಲ್ಲೇ ಬಯಲಾಗ್ತಿತ್ತು, ದೊರೆಗೆ ಕೇಳೋಕೆ ಏನೂ ಉಳೀತಿರಲಿಲ್ಲ. ಅವಳು ಆ ಪ್ರಶ್ನೆ ಕೇಳಿದ್ದೇ ಅವಳು ನಿರಪರಾಧಿ ಅನ್ನೋದಕ್ಕೆ ಸಾಕ್ಷಿ. ಒಳ್ಳೇ ವಕೀಲರ ತಲೆಗೆ ಬರೋ ಪ್ರಶ್ನೆ ಅದು. ದೊರೆಗೆ ಉತ್ತರ ಗೊತ್ತಿದ್ದು ಬಂತು, ಇವಳಿಗೆ ಗೊತ್ತಿಲ್ಲದೆ ಬಂತು."

ಜೂನಿಯರ್ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತುಬಿಟ್ಟಳು.

"ಇನ್ನು ಆ ಪ್ರಶ್ನೆಯನ್ನ ತಡೆದದ್ದು ಯಾರು? ರಿಹರ್ಸಲ್ ಮಾಡೋದು ಯಾತಕ್ಕೆ? ಕೆಟ್ಟ ಪ್ರಶ್ನೆಗಳನ್ನೆಲ್ಲ ಮನೇಲೇ ಕೇಳಿಸ್ಕೊಂಡು ಹೋಗ್ಲಿ ಅಂತ. ಅಲ್ಲಿ ಯಾವ ಪ್ರಶ್ನೆಗೂ ಅವಕಾಶವಿಲ್ಲ ಅನ್ನೋದೇ ಇಲ್ಲ. ಬರೀ ತಮಾಷೆ ಆಗಿದ್ರೆ ನಗು ಮುಗಿದ ಮೇಲೆ ಪೆಟ್ಟಿಗೆ ತೆಗೀಬೇಕಿತ್ತು. ತೆಗೀಲಿಲ್ಲ. ವಕೀಲನ ಬಾಯಿ ಅದು. ಉತ್ತರ ಗೊತ್ತಿದ್ದು, ಆ ಉತ್ತರಕ್ಕೆ ಹೆದರಿದಾಗ, ತಾನಾಗಿ ಆಕ್ಷೇಪಣೆ ಎತ್ತತ್ತೆ."

"ಮೇಡಂ, ಅಣ್ಣನಾ? ಬೇಡ. ಆ ಮಾತು ಬೇಡ," ಎಂದ ವಕೀಲ.

"ಗುಮಾಸ್ತನಿಗೂ ಬೀಗದ ಕೈ ಸಿಗ್ತಿತ್ತು. ಆದ್ರೆ ಹೊಸ ಪಿನ್ನು ಎಲ್ಲಿಂದ ಬರಬೇಕು? ಅದು ಸರ್ವಿಸ್ ಮಾಡೋರ ಪೆಟ್ಟಿಗೇಲಿ ಮಾತ್ರ ಇರತ್ತೆ. ಈ ಮಗು ಪಿನ್ನು ಸಡಿಲ ಅಂತ ಹೇಳಿದಾಗ, ಮದುವೆ ಗಡಿಬಿಡಿ ಅಂತ ಮುಂದಕ್ಕೆ ಹಾಕಿದ ಒಬ್ಬ ಸರ್ವಿಸ್‌ನವನಿದ್ದಾನೆ. ಅದನ್ನ ಆಫೀಸಲ್ಲಿ ಹೇಳ್ದೆ ಅಂದ್ಯಲ್ಲ ಮಗೂ, ಬೇಕಾಗಲ್ಲ ಅಂದಿದ್ದು ಯಾರು?"

ಹುಡುಗಿ ಎಡಗೈ ಎತ್ತಿ ಪಾಲುದಾರನ ಕಡೆ ತೋರಿಸಿದಳು. "ಬರೆಯೋ ಸರ್."

"ನಿನ್ನ ಅಳಿಯ ಯಾವ ಕಂಪನೀಲಿದ್ದಾನಪ್ಪ?" ಸವಾಲಕ್ಕನ ದನಿ ಈಗ ಮೃದುವಾಗಿತ್ತು. "ಬೇಡ, ಆಮೇಲೆ ಹೇಳು. ಮೊದಲು ಆ ಕೋಟು ಬಿಚ್ಚು. ಕೋರ್ಟಿಗೆ ಹೋಗದ ವಕೀಲ, ರಜೆ ದಿನ, ಫ್ಯಾನಿಲ್ಲದ ಕೋಣೇಲಿ ಕೋಟು ಹಾಕ್ಕೊಂಡು ಕೂತಿದ್ಯಲ್ಲ. ಬಲಭುಜ ಇಳಿದಿದೆ ಅಂತ ನಮ್ಮ ಮೇಷ್ಟ್ರಿಗೆ ನಿನ್ನೆಯಿಂದ ಸಂಕಟ."

ಮೇಷ್ಟ್ರಿಗೆ ಈಗ ಅರ್ಥವಾಯಿತು. ಹೆಮ್ಮೆ ಪಡಬೇಕೋ ಮರುಗಬೇಕೋ ತಿಳಿಯಲಿಲ್ಲ.

ಪಾಲುದಾರ ಕೋಟಿನ ಬಲಗಡೆಯ ಒಳಜೇಬಿಗೆ ಕೈ ಹಾಕಿ ಕರವಸ್ತ್ರದಲ್ಲಿ ಸುತ್ತಿದ್ದ ಗಂಟನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ. ಎರಡು ತುಂಡು ಕಬ್ಬಿಣ. ಮುರಿದ ಜಾಗದಲ್ಲಿ ಅರ್ಧದಷ್ಟು ಕಂದು ತುಕ್ಕು. ಜೂನಿಯರ್ ಓಡಿಹೋಗಿ ವರದಿಯ ಫೋಟೋ ತಂದು ಪಕ್ಕದಲ್ಲಿಟ್ಟಳು. ತುಕ್ಕಿನ ಅಂಚು ಗೆರೆಗೆ ಗೆರೆ ಹೊಂದಿತು.

"ಅಳಿಯ ಬಂದು ನನ್ನ ಮುಂದೆ ಕೂತು ಅತ್ತ," ಎಂದ ಪಾಲುದಾರ, ಯಾರನ್ನೂ ನೋಡದೆ. "ತುಕ್ಕು ಸಾಬೀತಾದ್ರೆ ಮುಂದೆ ಬರೋದು ಅವನ ಹೆಸರು. ಜೈಲಾದ್ರೂ ಆಗಬಹುದು. ಮಗಳಿಗೆ ದಿನ ಹತ್ರ ಬರ್ತಿದೆ. ಹೊಸ ಪಿನ್ನು ಅವನೇ ಮುರಿದು ತಂದ, ಪೆಟ್ಟಿಗೇಲಿ ಇಟ್ಟಿದ್ದು ನಾನು. ಫ್ಯಾಕ್ಟ್ರಿಯವರ ಕಿವಿಗೆ ಹಾಕಿದ್ದು ಅವನು. ಎಂಜಿನಿಯರ್ ತಪ್ಪು ಅಂತಾಗಿ ಕೇಸು ಬೀಳತ್ತೆ, ಅಷ್ಟೇ ಅಂದ್ಕೊಂಡೆ ಕಣೋ. ನಿನ್ನ ಸನ್ನದಿಗೆ ಬರತ್ತೆ ಅಂತ ಹೊಳೀಲೇ ಇಲ್ಲ."

"ಅಷ್ಟೇನಾ?" ವಕೀಲನ ಕೂಗಿಗೆ ಕಿಟಕಿ ಗಾಜು ಅದುರಿತು. "ಅಷ್ಟೇ ಅಂದ್ರೇನಣ್ಣ? ಅಲ್ಲಿ ಕೂತಿದ್ದಾಳೆ ನೋಡು! ನಾನು ಹಾಳಾಗಿ ಹೋಗ್ಲಿ, ಅವಳ ಕಡೆ ನೋಡು!"

ಪಾಲುದಾರ ನೋಡಲಿಲ್ಲ. ಅವನ ಭುಜಗಳೆರಡೂ ಈಗ ಒಂದೇ ಸಮ ಇಳಿದಿದ್ದವು.

"ಇದನ್ನ ಎಸೆಯದೆ ಯಾಕೆ ಇಟ್ಕೊಂಡಿದ್ದೆ?" ಎಂದು ಕೇಳಿದರು ಸವಾಲಕ್ಕ.

"ಎಸೆಯೋಣ ಅಂತ ಸೇತುವೆ ತನಕ ಹೋಗಿದ್ದೆ ಅಕ್ಕ. ಕೈ ಬರಲಿಲ್ಲ. ಸಾಕ್ಷ್ಯ ಕಾಪಾಡಿ, ಸಾಕ್ಷ್ಯ ನಾಶ ಮಾಡಬೇಡಿ ಅಂತ ಕಂಡೋರಿಗೆಲ್ಲ ನೋಟಿಸ್ ಬರೆದ ಕೈ ಇದು. ಮನೇಲಿಟ್ರೆ ಮಗಳ ಕಣ್ಣಿಗೆ ಬೀಳತ್ತೆ. ಇಲ್ಲಿ ಎಲ್ಲರೂ ಹುಡುಕ್ತಿದ್ರು. ಅದಕ್ಕೇ ಮೈಮೇಲೇ ಇಟ್ಕೊಂಡೆ."

"ಗೊತ್ತು. ನಮ್ಮ ಕಸುಬಿನವರು ಬಚ್ಚಿಡಬಹುದು, ಬಿಸಾಕಲ್ಲ. ನಾನು ನಂಬಿಕೊಂಡು ಬಂದಿದ್ದು ಅದೊಂದನ್ನೇ."

ಹುಡುಗಿ ಬೆಂಚಿನಿಂದ ಎದ್ದು ಬಂದಳು. ಅಪಘಾತದ ದಿನದಿಂದ ಅವಳು ಆ ಪಿನ್ನನ್ನು ನೋಡಿರಲಿಲ್ಲ. ಮೇಜಿನ ಹತ್ತಿರ ಬಾಗಿ, ಮುಟ್ಟದೆ, ನೋಡಿದಳು.

"ಇಷ್ಟೇನಾ ಅದು?" ಎಂದಳು. ಆಮೇಲೆ ಪಾಲುದಾರನ ಕಡೆ ತಿರುಗಿ, "ಸರ್, ನಿಮ್ಮ ಮಗಳಿಗೆ ನನ್ನಷ್ಟೇ ವಯಸ್ಸಾ?" ಎಂದು ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ತಿಳಿಯಲು ಕೇಳಿದ್ದು.

ಪಾಲುದಾರ ಹೌದೆಂದು ತಲೆಯಾಡಿಸಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮುಖ ಒರೆಸಿಕೊಂಡು, "ನಾಳೆ ನಾನೇ ಕಟ್ಟೆ ಹತ್ತಿ ಹೇಳ್ತೀನಿ," ಎಂದ. ವಕೀಲ ಜೂನಿಯರ್‌ಳ ಚೀಲವನ್ನು ತೆಗೆದುಕೊಂಡು, ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ಅವಳ ಮೇಜಿನ ಮೇಲೆ ಜೋಡಿಸತೊಡಗಿದ.

ಸೋಮವಾರ ಕೋರ್ಟಿನಲ್ಲಿ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಅಕ್ಕನ ಎಡಗಡೆ ಕುಳಿತರು, ಕೇಳಿಸದ್ದನ್ನು ಕಿವಿಯಲ್ಲಿ ಹೇಳಲು. ಕೋರ್ಟಿನ ಮೆಟ್ಟಿಲು ಹತ್ತದ ಪಾಲುದಾರ ಅಂದು ಕೋಟಿಲ್ಲದೆ ಸಾಕ್ಷಿಕಟ್ಟೆ ಹತ್ತಿ, ಒಂದು ಮಾತನ್ನೂ ಬಚ್ಚಿಡದೆ ನಡೆದದ್ದನ್ನು ಹೇಳಿದ. ನ್ಯಾಯಾಧೀಶರು ವಾದಿಯ ಕಡೆ ನೋಡಿದರು. ಪ್ರಶ್ನೆ ಕೇಳಬೇಕಾದ ವಕೀಲ ಎದ್ದ, ಕಟ್ಟೆಯ ಮೇಲಿದ್ದ ಮುಖ ನೋಡಿದ, ಮತ್ತೆ ಕುಳಿತ. ಅವನ ಪಕ್ಕದಿಂದ ಜೂನಿಯರ್ ಎದ್ದಳು.

"ಎರಡು ತುಂಡು ಜೋಡಿಸಿ ತೋರಿಸಿ," ಎಂದಳು.

ಪಾಲುದಾರ ಅವಕಾಶವಿದೆಯೇ ಎಂಬಂತೆ ನ್ಯಾಯಾಧೀಶರ ಮುಖ ನೋಡಿದ. ನ್ಯಾಯಾಧೀಶರು ದೊರೆಯ ಮುಖ ನೋಡಿದರು. ದೊರೆ ನಿಧಾನವಾಗಿ ಎದ್ದು, ತಮ್ಮ ಕಕ್ಷಿದಾರರು ಕುಳಿತ ಬೆಂಚಿನತ್ತ ಒಮ್ಮೆ ತಿರುಗಿ ನೋಡಿ, ಕೋಟಿನ ಗುಂಡಿ ಹಾಕಿಕೊಂಡರು.

"ಆಕ್ಷೇಪಣೆ ಇಲ್ಲ," ಎಂದರು.

"ಏನಂದ್ರು?" ಎಂದು ಸವಾಲಕ್ಕ ತಮ್ಮನನ್ನು ತಿವಿದರು. ಮೇಷ್ಟ್ರು ಕಟ್ಟೆಯತ್ತ ಕೈ ತೋರಿಸಿದರು. ಕಟ್ಟೆಯ ಮೇಲೆ ಪಾಲುದಾರ ಎರಡು ತುಂಡುಗಳನ್ನು ತಂದು ಕೂಡಿಸಿದ. ಅವು ಸಂದಿಲ್ಲದೆ ಕೂಡಿಕೊಂಡವು.